ಶಿವಮೊಗ್ಗ ಮತ್ತು ಭದ್ರಾವತಿಯ ಮದ್ಯದಂಗಡಿಗಳ ಇತಿಹಾಸ

ಶಿವಮೊಗ್ಗ ಮತ್ತು ಭದ್ರಾವತಿಯ ಮದ್ಯದಂಗಡಿಗಳ ಇತಿಹಾಸವು ಕರ್ನಾಟಕದ ಮಲೆನಾಡು ಮತ್ತು ಅದರ ಅಂಚಿನ ಬಯಲು ಭಾಗದಲ್ಲಿ ಕಳ್ಳು, ಸಾರಾಯಿ ಹಾಗೂ ಇತರ ಮದ್ಯಗಳ ಮಾರಾಟ ನಡೆದುಬಂದ ಬಗೆಯನ್ನು, ಆ ಅಂಗಡಿಗಳನ್ನು ನಡೆಸಿದವರನ್ನು ಮತ್ತು ಅವುಗಳ ಮೇಲೆ ಸರ್ಕಾರ ವಿಧಿಸಿದ ಕಟ್ಟುಪಾಡುಗಳನ್ನು ಒಳಗೊಂಡ ವಿಷಯವಾಗಿದೆ. ಮರದ ಬುಡದಲ್ಲಿ ನಡೆಯುತ್ತಿದ್ದ ಕಳ್ಳಿನ ಮಾರಾಟ, ಹರಾಜಿನಲ್ಲಿ ಗುತ್ತಿಗೆ ಹಿಡಿದವರ ಹೆಂಡದಂಗಡಿ, ಸಾರಾಯಿ ಅಂಗಡಿ, ಕೊನೆಗೆ ಪರವಾನಗಿ ಪಡೆದ ವೈನ್ ಶಾಪ್ ಮತ್ತು ಬಾರ್ ಎಂಬ ನಾಲ್ಕು ಹಂತಗಳನ್ನು ಈ ಇತಿಹಾಸದಲ್ಲಿ ಗುರುತಿಸಬಹುದು. ಈ ಪೈಕಿ ಮೊದಲ ಮೂರು ಇಂದು ಜಿಲ್ಲೆಯಲ್ಲಿ ಕಾನೂನುಬದ್ಧವಾಗಿ ಉಳಿದಿಲ್ಲ. 2004ರಲ್ಲಿ ಕಳ್ಳಿನ ಮಾರಾಟವೂ 2007ರಲ್ಲಿ ಸಾರಾಯಿ ಮಾರಾಟವೂ ನಿಂತವು.

ಹೆಸರುಗಳು

ಮದ್ಯ ಮಾರುವ ಸ್ಥಳಕ್ಕೆ ಕನ್ನಡದಲ್ಲಿ ಒಂದೇ ಹೆಸರಿಲ್ಲ. ಕಳ್ಳು ಮಾರುವ ಸ್ಥಳವನ್ನು ಕಳ್ಳಂಗಡಿ, ಹೆಂಡದಂಗಡಿ ಅಥವಾ ಸೇಂದಿ ಅಂಗಡಿ ಎನ್ನುತ್ತಿದ್ದರು. ಕರಾವಳಿಯಲ್ಲಿ ಗಡಂಗು ಎಂಬ ಮಾತಿದೆ. ಪಡಖಾನೆ ಎಂಬುದು ಹಳೆಯ ಮೈಸೂರು ಸೀಮೆಯಲ್ಲಿ ಬಳಕೆಯಲ್ಲಿದ್ದ ಇನ್ನೊಂದು ಪದ. ಬಟ್ಟಿ ಇಳಿಸಿದ ಮದ್ಯ ಮಾರುವ ಸ್ಥಳ ಸಾರಾಯಿ ಅಂಗಡಿ. ಪ್ಲಾಸ್ಟಿಕ್ ಪೊಟ್ಟಣದಲ್ಲಿ ಮಾರುತ್ತಿದ್ದ ಸಾರಾಯಿಯನ್ನು ಮಲೆನಾಡಿನ ಜನ ಕೊಟ್ಟೆ ಸಾರಾಯಿ ಎಂದೇ ಕರೆಯುತ್ತಿದ್ದರು. ಇಂದಿನ ಅಂಗಡಿಗಳು ವೈನ್ ಶಾಪ್, ಬಾರ್ ಅಂಡ್ ರೆಸ್ಟೋರೆಂಟ್ ಎಂಬ ಫಲಕಗಳನ್ನು ಹೊತ್ತಿವೆ. ಹಳೆಯ ದಾಖಲೆಗಳನ್ನು ಓದುವವರು ಈ ಪದಗಳನ್ನು ಒಂದೇ ಎಂದು ಭಾವಿಸಬಾರದು. ಸೇಂದಿಯ ಗುತ್ತಿಗೆ ಮತ್ತು ಸಾರಾಯಿಯ ಗುತ್ತಿಗೆ ಬೇರೆಬೇರೆಯಾಗಿ ಹರಾಜಾಗುತ್ತಿದ್ದವು.

ಪ್ರಾಚೀನ ಉಲ್ಲೇಖಗಳು

ಕನ್ನಡ ಸಾಹಿತ್ಯದಲ್ಲಿ ಮದ್ಯಪಾನದ ವರ್ಣನೆ ಹಳೆಯದು. 10ನೆಯ ಶತಮಾನದ ಪಂಪನ ವಿಕ್ರಮಾರ್ಜುನ ವಿಜಯದಲ್ಲಿ ಪಾನಗೋಷ್ಠಿಯ ವರ್ಣನೆ ಬರುತ್ತದೆ. ಕಲ್ಯಾಣ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಸಂಸ್ಕೃತ ಗ್ರಂಥ ಮಾನಸೋಲ್ಲಾಸವು ಅರಮನೆಯ ವಿನೋದಗಳ ನಡುವೆ ಪಾನೀಯಗಳನ್ನೂ ವಿವರಿಸುತ್ತದೆ. ಇವು ರಾಜರ ಮತ್ತು ಶ್ರೀಮಂತರ ಪಾನಕ್ಕೆ ಸಂಬಂಧಿಸಿದವು.

ಹೆಂಡ ಮಾರುವವನೊಬ್ಬನ ಹೆಸರು ಸ್ಪಷ್ಟವಾಗಿ ದೊರೆಯುವುದು 12ನೆಯ ಶತಮಾನದ ಶರಣ ಚಳವಳಿಯಲ್ಲಿ. ಹೆಂಡದ ಮಾರಯ್ಯ ಎಂಬ ವಚನಕಾರ ಹೆಂಡ ಮಾರುವ ಕಾಯಕದವನು. ತನ್ನ ವಚನಗಳಲ್ಲಿ ಆತ ಹೆಂಡ, ಮಡಕೆ, ಮಾರಾಟ ಮೊದಲಾದ ತನ್ನ ವೃತ್ತಿಯ ಮಾತುಗಳನ್ನೇ ಅನುಭಾವವನ್ನು ಹೇಳಲು ಬಳಸಿಕೊಂಡಿದ್ದಾನೆ. ಕನ್ನಡ ನಾಡಿನಲ್ಲಿ ಹೆಸರಿನಿಂದ ಗುರುತಿಸಬಹುದಾದ ಅತಿ ಹಳೆಯ ಮದ್ಯದ ವ್ಯಾಪಾರಿಗಳಲ್ಲಿ ಈತ ಒಬ್ಬ. ಅಲ್ಲಮಪ್ರಭುವಿನ ಊರಾದ ಬಳ್ಳಿಗಾವೆ ಮತ್ತು ಅಕ್ಕಮಹಾದೇವಿಯ ಉಡುತಡಿ ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನಲ್ಲಿರುವುದರಿಂದ, ಈ ವಚನಗಳ ಹಿನ್ನೆಲೆ ಈ ಭಾಗದ ಓದುಗರಿಗೆ ಅಪರಿಚಿತವಲ್ಲ.

ಕಳ್ಳು ಮತ್ತು ಕಳ್ಳು ಇಳಿಸುವವರು

ಜಿಲ್ಲೆಯ ಎರಡು ಭೂಭಾಗಗಳಿಗೆ ಎರಡು ಬಗೆಯ ಮರಗಳು. ಮಳೆ ಹೆಚ್ಚಿರುವ ತೀರ್ಥಹಳ್ಳಿ, ಹೊಸನಗರ, ಸಾಗರ ಭಾಗದ ಕಾಡಿನಲ್ಲಿ ಬಗನಿ ಮರ. ಭದ್ರಾವತಿ, ಶಿಕಾರಿಪುರ ಭಾಗದ ಬಯಲಿನಲ್ಲಿ ಈಚಲು ಮರ. ಬಗನಿಯ ಹೂಗೊಂಚಲನ್ನು ಕೆಲವು ದಿನ ಹದವಾಗಿ ತಟ್ಟಿ, ತುದಿಯನ್ನು ಕೊಯ್ದು ಗಡಿಗೆ ಕಟ್ಟುತ್ತಾರೆ. ಈಚಲು ಮರದಲ್ಲಾದರೋ ಕಾಂಡದ ಮೇಲ್ಭಾಗದ ಗರಿಗಳನ್ನು ಸವರಿ, ಎಳೆಯ ತಿರುಳನ್ನು ಕೆತ್ತಿ ರಸವನ್ನು ಇಳಿಸುತ್ತಾರೆ. ಸಂಜೆ ಕಟ್ಟಿದ ಗಡಿಗೆಯನ್ನು ಬೆಳಗಿನ ಜಾವ ಇಳಿಸುವುದು ರೂಢಿ. ಹೊಸದಾಗಿ ಇಳಿದ ಸಿಹಿ ರಸವೇ ನೀರಾ. ಗಾಳಿಯಲ್ಲಿಯೂ ಗಡಿಗೆಯಲ್ಲಿಯೂ ಇರುವ ಯೀಸ್ಟ್‌ನಿಂದ ಅದು ಕೆಲವೇ ಗಂಟೆಗಳಲ್ಲಿ ಹುಳಿತು ಕಳ್ಳಾಗುತ್ತದೆ. ಕಳ್ಳನ್ನು ಬಹಳ ದೂರ ಸಾಗಿಸಲಾಗದು, ಬಹಳ ದಿನ ಇಡಲಾಗದು. ಆದ್ದರಿಂದಲೇ ಕಳ್ಳಂಗಡಿಗಳು ಮರಗಳ ಸಮೀಪದಲ್ಲಿಯೇ ಇರುತ್ತಿದ್ದವು.

ಈ ವೃತ್ತಿ ಹಳೆಪೈಕರು ಎಂಬ ಸಮುದಾಯದೊಂದಿಗೆ ಬೆಸೆದುಕೊಂಡಿತ್ತು. ಮಲೆನಾಡಿನಲ್ಲಿ ದೀವರು, ಕರಾವಳಿಯ ಉತ್ತರ ಭಾಗದಲ್ಲಿ ನಾಮಧಾರಿಗಳು, ದಕ್ಷಿಣ ಕನ್ನಡದಲ್ಲಿ ಬಿಲ್ಲವರು, ಬಯಲು ಸೀಮೆಯಲ್ಲಿ ಈಡಿಗರು ಎಂದು ಕರೆಯಲ್ಪಡುವ ಸಮುದಾಯಗಳು ಪರಸ್ಪರ ಸಂಬಂಧವುಳ್ಳವು ಎಂದು ಪರಿಗಣಿತವಾಗಿವೆ. 1800–01ರಲ್ಲಿ ಮೈಸೂರು, ಕನ್ನಡ ಮತ್ತು ಮಲಬಾರು ಸೀಮೆಗಳಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಹಳೆಪೈಕರನ್ನು ತಾಳೆ ಜಾತಿಯ ಮರಗಳ ರಸ ಇಳಿಸುವವರೆಂದು ಗುರುತಿಸಿದ್ದಾನೆ. ಆದರೆ ಸಮುದಾಯದ ಎಲ್ಲರೂ ಇದೇ ವೃತ್ತಿಯಲ್ಲಿದ್ದರೆಂದು ತಿಳಿಯುವುದು ತಪ್ಪಾಗುತ್ತದೆ. ಸಾಗರ, ಸೊರಬ ಭಾಗದ ದೀವರಲ್ಲಿ ಬಹುಪಾಲು ಜನ ಗೇಣಿದಾರ ರೈತರಾಗಿದ್ದರು. 1951ರ ಕಾಗೋಡು ಸತ್ಯಾಗ್ರಹದಲ್ಲಿ ಮುಂದೆ ನಿಂತವರು ಈ ರೈತರೇ. ಮದ್ಯವನ್ನು ತಯಾರಿಸುವುದೂ ಮಾರುವುದೂ ಕುಡಿಯುವುದೂ ಸಲ್ಲದೆಂಬ ಕೇರಳದ ನಾರಾಯಣ ಗುರುಗಳ ಉಪದೇಶವೂ ಈ ಸಮುದಾಯಗಳ ಮೇಲೆ ಪ್ರಭಾವ ಬೀರಿತು.

ಗುತ್ತಿಗೆ ಪದ್ಧತಿ

ಟಿಪ್ಪು ಸುಲ್ತಾನನು ತನ್ನ ಆಳ್ವಿಕೆಯಲ್ಲಿ ಮದ್ಯವನ್ನು ನಿಷೇಧಿಸಲು ಯತ್ನಿಸಿದನು. 1799ರಲ್ಲಿ ಅವನ ಪತನವಾದ ಮೇಲೆ ಮೈಸೂರು ಸಂಸ್ಥಾನದಲ್ಲಿ ಮದ್ಯವು ಮತ್ತೆ ಆದಾಯದ ಮೂಲವಾಯಿತು. ತೆರಿಗೆಯನ್ನು ಸರ್ಕಾರವೇ ಎತ್ತುವ ಬದಲು, ಹೆಚ್ಚು ಹಣ ಕೊಡಲು ಒಪ್ಪಿದವರಿಗೆ ಒಂದು ಪ್ರದೇಶದ ಹಕ್ಕನ್ನು ಕೊಡುವ ಇಜಾರೆ ಅಥವಾ ಗುತ್ತಿಗೆಯೇ ಅಂದಿನ ಕ್ರಮ. 1830–31ರ ನಗರ ದಂಗೆಯ ಬಳಿಕ ಬ್ರಿಟಿಷರು ಸಂಸ್ಥಾನದ ಆಡಳಿತವನ್ನು ಕೈಗೆ ತೆಗೆದುಕೊಂಡರು. 1881ರಲ್ಲಿ ಆಡಳಿತ ಮತ್ತೆ ಒಡೆಯರ ವಂಶಕ್ಕೆ ಬಂದಿತು. ಆಳುವವರು ಬದಲಾದರೂ ಮದ್ಯದ ಗುತ್ತಿಗೆ ಮುಂದುವರಿಯಿತು. ಭೂಕಂದಾಯದಂತೆಯೇ ಅಬಕಾರಿಯೂ ಸಂಸ್ಥಾನದ ಮುಖ್ಯ ವರಮಾನಗಳಲ್ಲಿ ಒಂದಾಗಿತ್ತು. 1901ರ ಮೈಸೂರು ಅಬಕಾರಿ ಶಾಸನವು ತಯಾರಿಕೆ, ಸಾಗಣೆ ಮತ್ತು ಮಾರಾಟಗಳಿಗೆ ಕಾನೂನಿನ ಚೌಕಟ್ಟನ್ನು ಒದಗಿಸಿತು.

ಈ ಪದ್ಧತಿಯಲ್ಲಿ "ಅಂಗಡಿಯ ಮಾಲೀಕ" ಎಂಬ ಮಾತಿಗೆ ವಿಶೇಷ ಅರ್ಥವಿದೆ. ಇಂಗ್ಲೆಂಡಿನಲ್ಲಿ 1552ರ ಶಾಸನದಿಂದಲೇ ಮದ್ಯದಂಗಡಿ ನಡೆಸುವವನು ನ್ಯಾಯಾಧಿಕಾರಿಯಿಂದ ಅನುಮತಿ ಪಡೆಯಬೇಕಾಗಿತ್ತು. ಅಲ್ಲಿ ಒಂದೇ ಮನೆ, ಒಂದೇ ಹೆಸರು ಶತಮಾನಗಳ ಕಾಲ ಉಳಿದ ನಿದರ್ಶನಗಳಿವೆ. ಇಲ್ಲಿ ಹಾಗಲ್ಲ. ಹರಾಜಿನಲ್ಲಿ ಗೆದ್ದ ಗುತ್ತಿಗೆದಾರನ ಹಕ್ಕು ನಿಗದಿತ ಅವಧಿಗೆ ಮಾತ್ರ ಸೀಮಿತ. ಒಬ್ಬನೇ ಅನೇಕ ಅಂಗಡಿಗಳನ್ನು ಹಿಡಿಯುತ್ತಿದ್ದನು, ಕೆಲವನ್ನು ಒಳಗುತ್ತಿಗೆಗೆ ಕೊಡುತ್ತಿದ್ದನು. ಅಂಗಡಿಯಲ್ಲಿ ಕುಳಿತು ಅಳೆದು ಕೊಡುತ್ತಿದ್ದವನು ಸಂಬಳದ ಆಳು. ಕಟ್ಟಡ ಮೂರನೆಯವನದು. ಆದ್ದರಿಂದ ಒಂದು ಅಂಗಡಿಗೆ ಗುತ್ತಿಗೆದಾರ, ನಡೆಸುವವ, ಕಟ್ಟಡದ ಒಡೆಯ ಎಂದು ಮೂವರು "ಮಾಲೀಕರು" ಇರುವುದು ಸಾಮಾನ್ಯವಾಗಿತ್ತು. ಕುಡಿಯಲು ಬರುತ್ತಿದ್ದವರಿಗೆ ಪರಿಚಯವಿರುತ್ತಿದ್ದುದು ನಡುವಿನವನು, ದಾಖಲೆಯಲ್ಲಿ ಇರುವುದು ಮೊದಲನೆಯವನು.

ಭದ್ರಾವತಿಯ ಕಾರ್ಖಾನೆಗಳು

ಬೆಂಕಿಪುರ ಎಂದು ಹೆಸರಾಗಿದ್ದ ಸಣ್ಣ ಊರು ಭದ್ರಾವತಿ ಎಂಬ ಕೈಗಾರಿಕಾ ಪಟ್ಟಣವಾದದ್ದು 20ನೆಯ ಶತಮಾನದಲ್ಲಿ. ಸರ್ ಎಂ. ವಿಶ್ವೇಶ್ವರಯ್ಯನವರ ಯೋಜನೆಯಾದ ಕಬ್ಬಿಣದ ಕಾರ್ಖಾನೆಯು 1923ರಲ್ಲಿ ಉತ್ಪಾದನೆಯನ್ನು ಆರಂಭಿಸಿತು. ಮೈಸೂರು ಕಾಗದ ಕಾರ್ಖಾನೆ 1936ರಲ್ಲಿ ಸ್ಥಾಪನೆಯಾಯಿತು. ತಮಿಳು, ತೆಲುಗು, ಮಲಯಾಳಂ, ಉರ್ದು ಮಾತನಾಡುವ ಕಾರ್ಮಿಕರು ಇಲ್ಲಿ ಬಂದು ನೆಲಸಿದರು. ಹಳೇನಗರ, ನ್ಯೂಟೌನ್, ಪೇಪರ್ ಟೌನ್, ಜನ್ನಾಪುರ ಎಂಬ ಬಡಾವಣೆಗಳು ಬೆಳೆದವು.

ಕೃಷಿಕರ ಊರಿನಲ್ಲಿ ಹಣದ ಓಡಾಟ ಸುಗ್ಗಿಯನ್ನು ಅವಲಂಬಿಸಿರುತ್ತದೆ. ಕಾರ್ಖಾನೆಯ ಊರಿನಲ್ಲಿ ಅದು ಸಂಬಳದ ದಿನವನ್ನೂ ಪಾಳಿಯ ಗಂಟೆಯನ್ನೂ ಅನುಸರಿಸುತ್ತದೆ. ಕುಲುಮೆಯ ಬಿಸಿಯಲ್ಲಿ ದುಡಿದು ಬಂದವರಿಗೆ ಅಂಗಡಿ ದಣಿವಾರಿಸಿಕೊಳ್ಳುವ ತಾಣವಾದರೆ, ಅದೇ ಅಂಗಡಿ ಮನೆಯಲ್ಲಿ ಸಂಬಳಕ್ಕಾಗಿ ಕಾಯುತ್ತಿದ್ದ ಹೆಂಡತಿ ಮಕ್ಕಳಿಗೆ ಭಯದ ಸ್ಥಳವಾಗಿತ್ತು. ಕಾಗದ ಕಾರ್ಖಾನೆಯ ಉತ್ಪಾದನೆ 2015ರಲ್ಲಿ ನಿಂತಿತು. ಉಕ್ಕಿನ ಕಾರ್ಖಾನೆಯಲ್ಲಿ ದುಡಿಯುವವರ ಸಂಖ್ಯೆಯೂ ಹಿಂದಿನ ಪ್ರಮಾಣದಲ್ಲಿ ಉಳಿಯಲಿಲ್ಲ.

ಭದ್ರಾವತಿಯ ಕಾರ್ಖಾನೆಯ ಮೊದಲ ಹೆಸರಿನಲ್ಲಿಯೇ "ಮರದ ಬಟ್ಟಿ ಇಳಿಸುವಿಕೆ" ಎಂಬ ಮಾತು ಸೇರಿತ್ತು. ಕಬ್ಬಿಣ ಕರಗಿಸಲು ಬೇಕಾದ ಇದ್ದಿಲನ್ನು ಕಾಡಿನ ಮರದಿಂದ ತಯಾರಿಸುವಾಗ ಡಾಂಬರು ಮತ್ತು ಮೀಥೈಲ್ ಆಲ್ಕೊಹಾಲ್ ಉಪ ಉತ್ಪನ್ನಗಳಾಗಿ ದೊರೆಯುತ್ತಿದ್ದವು. ಇದು ಕೈಗಾರಿಕೆಯ ದ್ರಾವಣ, ಪಾನೀಯವಲ್ಲ. ಕಳ್ಳು, ಸಾರಾಯಿಗಳಲ್ಲಿ ಇರುವುದು ಈಥೈಲ್ ಆಲ್ಕೊಹಾಲ್. ಮೀಥೈಲ್ ಆಲ್ಕೊಹಾಲ್ ದೇಹದಲ್ಲಿ ಫಾರ್ಮಿಕ್ ಆಮ್ಲವಾಗಿ ಮಾರ್ಪಟ್ಟು ಕಣ್ಣಿನ ನರವನ್ನು ಕೆಡಿಸುತ್ತದೆ, ಪ್ರಾಣವನ್ನೂ ತೆಗೆಯುತ್ತದೆ. ಎರಡಕ್ಕೂ ಬಣ್ಣವಿಲ್ಲ, ವಾಸನೆಯಿಂದ ಪ್ರತ್ಯೇಕಿಸುವುದು ಸುಲಭವಲ್ಲ. 1981ರ ಜುಲೈ ತಿಂಗಳಲ್ಲಿ ಬೆಂಗಳೂರಿನಲ್ಲಿ ವಿಷಮಿಶ್ರಿತ ಮದ್ಯ ಕುಡಿದು 300ಕ್ಕೂ ಹೆಚ್ಚು ಜನ ಸತ್ತದ್ದು ಈ ರಾಸಾಯನಿಕದಿಂದಲೇ.

ಈಚಲು ಮರದ ಸತ್ಯಾಗ್ರಹ ಮತ್ತು ಪಾನನಿರೋಧ

ಮಹಾತ್ಮ ಗಾಂಧಿಯವರು 1927ರಲ್ಲಿ ಮೈಸೂರು ಸಂಸ್ಥಾನದ ಪ್ರವಾಸದ ಸಂದರ್ಭದಲ್ಲಿ ಶಿವಮೊಗ್ಗ ಮತ್ತು ಭದ್ರಾವತಿಗೆ ಭೇಟಿ ನೀಡಿದ್ದರು. ಖಾದಿ, ಅಸ್ಪೃಶ್ಯತಾ ನಿವಾರಣೆಗಳೊಂದಿಗೆ ಪಾನನಿರೋಧವೂ ಅವರ ರಚನಾತ್ಮಕ ಕಾರ್ಯಕ್ರಮದ ಅಂಗವಾಗಿತ್ತು. 1939ರಲ್ಲಿ ನೆರೆಯ ಚಿತ್ರದುರ್ಗ ಜಿಲ್ಲೆಯ ತುರುವನೂರಿನಲ್ಲಿ ಸರ್ಕಾರಕ್ಕೆ ಅಬಕಾರಿ ಆದಾಯ ತರುತ್ತಿದ್ದ ಈಚಲು ಮರಗಳನ್ನು ಕಡಿಯುವ ಸತ್ಯಾಗ್ರಹ ನಡೆಯಿತು. ವಕೀಲರಾಗಿದ್ದ ಎಸ್. ನಿಜಲಿಂಗಪ್ಪನವರು ಇದರ ಮುಂದಾಳುಗಳಲ್ಲಿ ಒಬ್ಬರು. ಅವರು ಸೆರೆವಾಸವನ್ನು ಅನುಭವಿಸಿದರು.

ಸ್ವಾತಂತ್ರ್ಯಾನಂತರ 1948ರಲ್ಲಿ ಮೈಸೂರು ಪಾನನಿರೋಧ ಕಾಯ್ದೆ ಜಾರಿಯಾಯಿತು. ಸಂವಿಧಾನದ 47ನೆಯ ವಿಧಿಯೂ ಮಾದಕ ಪಾನೀಯಗಳ ನಿಷೇಧವನ್ನು ರಾಜ್ಯನೀತಿಯ ನಿರ್ದೇಶಕ ತತ್ತ್ವವಾಗಿ ಹೇಳಿತು. ಆದರೆ ಪಾನನಿರೋಧವು ಎಲ್ಲ ಭಾಗಗಳಿಗೂ ಒಂದೇ ಕಾಲಕ್ಕೆ ಅನ್ವಯವಾಗಲಿಲ್ಲ. 1956ರ ಏಕೀಕರಣದ ಬಳಿಕ ಮುಂಬಯಿ, ಮದರಾಸು, ಹೈದರಾಬಾದು ಪ್ರಾಂತಗಳಿಂದ ಬಂದ ಜಿಲ್ಲೆಗಳು ಬೇರೆಬೇರೆ ಕಾನೂನುಗಳನ್ನು ಹೊತ್ತು ತಂದಿದ್ದವು. ಇವನ್ನು ಒಂದುಗೂಡಿಸಲು 1961ರ ಪಾನನಿರೋಧ ಕಾಯ್ದೆ ಬಂದಿತು. ನಿಷೇಧವಿದ್ದ ಕಡೆ ಕಳ್ಳಭಟ್ಟಿ ಬೆಳೆಯಿತು, ಸರ್ಕಾರದ ಬೊಕ್ಕಸಕ್ಕೆ ನಷ್ಟವಾಯಿತು. ಕೊನೆಗೆ 1967ರಲ್ಲಿ ಪಾನನಿರೋಧವನ್ನು ತೆರವುಗೊಳಿಸಲಾಯಿತು. ಆಗ ಮುಖ್ಯಮಂತ್ರಿಯಾಗಿದ್ದವರು, 28 ವರ್ಷಗಳ ಹಿಂದೆ ಈಚಲು ಮರ ಕಡಿಯಲು ಹೊರಟಿದ್ದ ಎಸ್. ನಿಜಲಿಂಗಪ್ಪನವರೇ.

ಸಾರಾಯಿ ಗುತ್ತಿಗೆಯ ಕಾಲ (1967–2007)

1965ರ ಅಬಕಾರಿ ಕಾಯ್ದೆಯ ಅಡಿಯಲ್ಲಿ ಕಳ್ಳು ಮತ್ತು ಸಾರಾಯಿಗಳ ಚಿಲ್ಲರೆ ಮಾರಾಟದ ಹಕ್ಕು ಹರಾಜಾಗುತ್ತಿತ್ತು. ಅಬಕಾರಿ ವರ್ಷ ಜುಲೈ 1ರಂದು ಆರಂಭವಾಗಿ ಜೂನ್ 30ಕ್ಕೆ ಮುಗಿಯುತ್ತದೆ. ಹೀಗಾಗಿ ಮಳೆಗಾಲದ ಆರಂಭವೇ ಗುತ್ತಿಗೆದಾರರು ಬದಲಾಗುವ ಕಾಲ. ಸಾರಾಯಿಯು ಕಬ್ಬಿನ ಕಾಕಂಬಿಯಿಂದ ತಯಾರಾದ ಮದ್ಯಸಾರಕ್ಕೆ ನೀರು ಬೆರೆಸಿ ಹದಗೊಳಿಸಿದ ಪಾನೀಯ. ಮೊದಲು ಬಿಡಿಯಾಗಿ ಅಳೆದು ಮಾರುತ್ತಿದ್ದ ಸಾರಾಯಿ ಅನಂತರ ಪೊಟ್ಟಣಗಳಿಗೆ ಬಂದಿತು. ಅಂಗಡಿಯ ಸುತ್ತ ಬೇಯಿಸಿದ ಮೊಟ್ಟೆ, ಕಡಲೆ, ಹುರಿದ ಮೀನು ಮಾರುವವರ ಸಣ್ಣ ವ್ಯಾಪಾರವೂ ಬೆಳೆಯಿತು.

ದೊಡ್ಡ ಗುತ್ತಿಗೆದಾರರು ಹಣಬಲದಿಂದ ಪ್ರಭಾವಿಗಳಾದರು. ಮರ ಹತ್ತುವ ಕುಟುಂಬಗಳಿಗಾದರೋ ಆ ಹಣದಲ್ಲಿ ಪಾಲು ಸಿಕ್ಕಿದ್ದು ಕಡಿಮೆ. ಮರಕ್ಕೆ ತೆರಿಗೆ ಕಟ್ಟಿ, ಬಿದ್ದರೆ ಕೈಕಾಲು ಮುರಿಯುವ ಅಪಾಯವನ್ನು ಹೊತ್ತು ದುಡಿದವನು ಗುತ್ತಿಗೆದಾರನಿಗೆ ಕಳ್ಳು ಒದಗಿಸುವ ಕೂಲಿಯಾಗಿಯೇ ಉಳಿದನು. ಮದ್ಯದ ವ್ಯಾಪಾರ ಮೂಲಭೂತ ಹಕ್ಕೇ ಎಂಬ ಪ್ರಶ್ನೆ ಕರ್ನಾಟಕದ ಖೋಡೆ ಡಿಸ್ಟಿಲರೀಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂದಿತು. 1994ರ ತೀರ್ಪು ಅದು ಮೂಲಭೂತ ಹಕ್ಕಲ್ಲ, ಸರ್ಕಾರ ಅದನ್ನು ನಿಯಂತ್ರಿಸಬಹುದು, ನಿಷೇಧಿಸಲೂ ಬಹುದು ಎಂದಿತು.

ಕಳ್ಳು ಮತ್ತು ಸಾರಾಯಿ ನಿಷೇಧ

2004ರಲ್ಲಿ ದಕ್ಷಿಣ ಕನ್ನಡ ಮತ್ತು ಉಡುಪಿ ಜಿಲ್ಲೆಗಳನ್ನು ಬಿಟ್ಟು ರಾಜ್ಯದ ಉಳಿದೆಡೆ ಕಳ್ಳಿನ ಮಾರಾಟ ನಿಂತಿತು. ಘಟ್ಟದ ಕೆಳಗೆ ಮೂರ್ತೆದಾರರು ಇಂದಿಗೂ ಕಳ್ಳು ಇಳಿಸುತ್ತಿದ್ದರೆ, ಘಟ್ಟದ ಮೇಲಿನ ಬಗನಿ ಮತ್ತು ಈಚಲು ಮರಗಳಿಗೆ ಆ ಅವಕಾಶ ಇಲ್ಲದಾಯಿತು.

2007–08ರ ಆಯವ್ಯಯದಲ್ಲಿ ಸಾರಾಯಿ ನಿಷೇಧವನ್ನು ಘೋಷಿಸಿದವರು ಆಗ ಎಚ್. ಡಿ. ಕುಮಾರಸ್ವಾಮಿ ಅವರ ಸಮ್ಮಿಶ್ರ ಸರ್ಕಾರದಲ್ಲಿ ಉಪಮುಖ್ಯಮಂತ್ರಿಯೂ ಹಣಕಾಸು ಸಚಿವರೂ ಆಗಿದ್ದ, ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ಕ್ಷೇತ್ರದ ಶಾಸಕ ಬಿ. ಎಸ್. ಯಡಿಯೂರಪ್ಪ. ಅದು 2007ರ ಜುಲೈ 1ರಿಂದ ಜಾರಿಗೆ ಬಂದಿತು. ಅಗ್ಗದ ಸಾರಾಯಿಯಿಂದ ಹಾಳಾಗುತ್ತಿದ್ದ ಬಡ ಕುಟುಂಬಗಳ ಮಹಿಳೆಯರು ಇದನ್ನು ಸ್ವಾಗತಿಸಿದರು. ಅಂಗಡಿಗಳಲ್ಲಿ ದುಡಿಯುತ್ತಿದ್ದವರು ಕೆಲಸ ಕಳೆದುಕೊಂಡರು. ಕುಡಿತ ಪೂರ್ಣವಾಗಿ ನಿಲ್ಲಲಿಲ್ಲ, ಹೆಚ್ಚು ಬೆಲೆಯ ಮದ್ಯದತ್ತ ತಿರುಗಿತು. 2008ರ ಮೇ ತಿಂಗಳಲ್ಲಿ ಬೆಂಗಳೂರು, ಕೋಲಾರ ಹಾಗೂ ತಮಿಳುನಾಡಿನ ಕೃಷ್ಣಗಿರಿ ಭಾಗಗಳಲ್ಲಿ ಕಳ್ಳಬಟ್ಟಿಯ ವಿಷಕ್ಕೆ 150ಕ್ಕೂ ಹೆಚ್ಚು ಜನ ಬಲಿಯಾದರು. ನಿಷೇಧದ ಲಾಭ ನಷ್ಟಗಳ ಚರ್ಚೆಯಲ್ಲಿ ಈ ಎರಡೂ ಸಂಗತಿಗಳನ್ನು ಒಟ್ಟಿಗೆ ನೋಡಬೇಕಾಗುತ್ತದೆ.

ಇಂದಿನ ಅಂಗಡಿಗಳು

ಈಗಿನ ಪರವಾನಗಿಗಳು 1968ರ ನಿಯಮಗಳನ್ನು ಆಧರಿಸಿವೆ. ಮುಖ್ಯವಾದವು ಹೀಗಿವೆ:

- ಸಿ.ಎಲ್.-2: ಮುಚ್ಚಿದ ಬಾಟಲಿಗಳಲ್ಲಿ ಚಿಲ್ಲರೆ ಮಾರಾಟ. ಜನ ವೈನ್ ಶಾಪ್ ಎನ್ನುವುದು ಇದನ್ನೇ.
- ಸಿ.ಎಲ್.-4: ಸದಸ್ಯರಿಗಾಗಿ ಕ್ಲಬ್‌ಗಳು.
- ಸಿ.ಎಲ್.-7: ವಸತಿ ಸೌಲಭ್ಯವುಳ್ಳ ಹೋಟೆಲುಗಳು.
- ಸಿ.ಎಲ್.-9: ಊಟದೊಂದಿಗೆ ಮದ್ಯ ನೀಡುವ ಬಾರ್‌ಗಳು.
- ಸಿ.ಎಲ್.-11ಸಿ: ಸರ್ಕಾರಿ ಸ್ವಾಮ್ಯದ ಎಂ.ಎಸ್.ಐ.ಎಲ್. ಮಳಿಗೆಗಳು.

1992ರಿಂದ ಹೊಸ ಸಿ.ಎಲ್.-2 ಮತ್ತು ಸಿ.ಎಲ್.-9 ಪರವಾನಗಿಗಳನ್ನು ಸಾಮಾನ್ಯವಾಗಿ ಕೊಡದಿದ್ದುದರಿಂದ ಹಳೆಯ ಪರವಾನಗಿಗಳ ಬೆಲೆ ಏರಿತು. ಅವು ಒಬ್ಬರಿಂದ ಒಬ್ಬರಿಗೆ, ಒಂದು ಬೀದಿಯಿಂದ ಇನ್ನೊಂದಕ್ಕೆ ವರ್ಗಾವಣೆಯಾಗತೊಡಗಿದವು. 2003ರಲ್ಲಿ ಸ್ಥಾಪನೆಯಾದ ಕರ್ನಾಟಕ ರಾಜ್ಯ ಪಾನೀಯ ನಿಗಮದ ಮೂಲಕವೇ ಅಂಗಡಿಗಳು ಮದ್ಯವನ್ನು ಖರೀದಿಸಬೇಕು. ಶಾಲೆ, ದೇವಾಲಯ, ಆಸ್ಪತ್ರೆಗಳಿಂದ 100 ಮೀಟರ್ ಅಂತರ ಕಡ್ಡಾಯ.

ಶಿವಮೊಗ್ಗ ಮತ್ತು ಭದ್ರಾವತಿ ಎರಡರ ನಡುವೆಯೂ ಬೆಂಗಳೂರು–ಹೊನ್ನಾವರ ರಸ್ತೆ, ಅಂದರೆ ಬಿ.ಎಚ್. ರಸ್ತೆ ಹಾದುಹೋಗುತ್ತದೆ. ಹೆದ್ದಾರಿಗಳಿಂದ 500 ಮೀಟರ್ ಒಳಗೆ ಮದ್ಯದಂಗಡಿ ಇರಬಾರದೆಂದು ಸುಪ್ರೀಂ ಕೋರ್ಟು 2016ರ ಡಿಸೆಂಬರ್‌ನಲ್ಲಿ ನೀಡಿದ ಆದೇಶವು ಇಂಥ ಊರುಗಳಲ್ಲಿ ಆತಂಕವನ್ನು ಉಂಟುಮಾಡಿತು. 20,000ಕ್ಕಿಂತ ಕಡಿಮೆ ಜನಸಂಖ್ಯೆಯ ಸ್ಥಳಗಳಿಗೆ ಈ ಅಂತರವನ್ನು 220 ಮೀಟರ್‌ಗೆ ಇಳಿಸಲಾಯಿತು. ನಗರ ವ್ಯಾಪ್ತಿಯ ಅಂಗಡಿಗಳಿಗೆ 2017ರಲ್ಲಿ ಮತ್ತಷ್ಟು ಸ್ಪಷ್ಟನೆ ದೊರೆಯಿತು. ಗಾಂಧಿ ಜಯಂತಿ, ಚುನಾವಣೆಗಳಲ್ಲದೆ, ಹಿಂದೂ ಮಹಾಸಭಾ ಗಣಪತಿಯ ವಿಸರ್ಜನಾ ಮೆರವಣಿಗೆಯ ಸಂದರ್ಭದಲ್ಲಿಯೂ ಜಿಲ್ಲಾಡಳಿತವು ಮದ್ಯ ಮಾರಾಟವನ್ನು ನಿಷೇಧಿಸುವುದುಂಟು.

ಒಂದು ಅಂಗಡಿಯ ಇತಿಹಾಸವನ್ನು ತಿಳಿಯುವ ಬಗೆ

ಸ್ಥಳೀಯ ಇತಿಹಾಸದ ವಿದ್ಯಾರ್ಥಿಗಳಿಗೆ ಮದ್ಯದಂಗಡಿ ಒಳ್ಳೆಯ ಅಧ್ಯಯನ ವಸ್ತು. ಮೇಲೆ ಹೇಳಿದ ಮೂವರನ್ನು ಬೇರೆಬೇರೆಯಾಗಿ ಹುಡುಕುವುದು ಇದರ ಮೊದಲ ಸೂತ್ರ.

- ಗುತ್ತಿಗೆದಾರ ಅಥವಾ ಪರವಾನಗಿದಾರ: ಅಬಕಾರಿ ಇಲಾಖೆಯ ಜಿಲ್ಲಾ ಕಚೇರಿಯ ದಾಖಲೆಗಳು, ಹಳೆಯ ಹರಾಜು ಪ್ರಕಟಣೆಗಳು, ಮೈಸೂರು ಗೆಜೆಟ್ಟು. ಸ್ವಾತಂತ್ರ್ಯಪೂರ್ವದ ಕಡತಗಳಿಗಾಗಿ ಬೆಂಗಳೂರಿನ ಕರ್ನಾಟಕ ರಾಜ್ಯ ಪತ್ರಾಗಾರವನ್ನು ನೋಡಬೇಕು. ಈಚಿನ ಮಾಹಿತಿಗೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಅರ್ಜಿ ಸಲ್ಲಿಸಬಹುದು.
- ಕಟ್ಟಡದ ಒಡೆಯ: ನಗರಾಡಳಿತದ ಖಾತೆ ಮತ್ತು ಕಂದಾಯದ ಪುಸ್ತಕಗಳು, ಉಪನೋಂದಣಿ ಕಚೇರಿಯ ಕ್ರಯಪತ್ರಗಳು ಮತ್ತು ಋಣಭಾರ ಪತ್ರಗಳು.
- ನಡೆಸಿದವರು: ಇವರ ಹೆಸರು ಕಾಗದದಲ್ಲಿ ಅಪರೂಪ. ನೆರೆಯ ಅಂಗಡಿಯವರು, ಹಳೆಯ ಗಿರಾಕಿಗಳು, ಮರ ಹತ್ತಿದ ಕುಟುಂಬಗಳ ಹಿರಿಯರು ಹೇಳುವ ಮಾತೇ ಇಲ್ಲಿ ಆಧಾರ.

ಹುಡುಕುವಾಗ ಸ್ಥಳನಾಮ ಮತ್ತು ಗಡಿಗಳ ಬದಲಾವಣೆಯನ್ನು ಗಮನಿಸಬೇಕು. 19ನೆಯ ಶತಮಾನದ ಅನೇಕ ಕಡತಗಳು "ನಗರ" ವಿಭಾಗದ ಹೆಸರಿನಲ್ಲಿವೆ. ಹೊನ್ನಾಳಿ ಮತ್ತು ಚನ್ನಗಿರಿ ತಾಲ್ಲೂಕುಗಳು 1997ರವರೆಗೆ ಶಿವಮೊಗ್ಗ ಜಿಲ್ಲೆಯಲ್ಲಿದ್ದು ಅನಂತರ ದಾವಣಗೆರೆಗೆ ಸೇರಿದವು. ಭದ್ರಾವತಿಯ ಹಳೆಯ ದಾಖಲೆಗಳನ್ನು ಬೆಂಕಿಪುರ ಎಂಬ ಹೆಸರಿನಲ್ಲಿಯೂ ನೋಡಬೇಕು.

ಬಾಯಿಮಾತಿನ ಮಾಹಿತಿಯನ್ನು ದಾಖಲೆಯೊಂದಿಗೆ ತಾಳೆ ನೋಡುವುದು ಅಗತ್ಯ. ಮದ್ಯದ ವೃತ್ತಿಯ ಬಗ್ಗೆ ಸಮಾಜದಲ್ಲಿದ್ದ ಕೀಳು ಭಾವನೆಯಿಂದಾಗಿ ಅನೇಕ ಕುಟುಂಬಗಳು ಹಿಂದಿನ ಕಸುಬನ್ನು ಹೇಳಿಕೊಳ್ಳಲು ಹಿಂಜರಿಯುತ್ತವೆ. ಅವರ ಒಪ್ಪಿಗೆಯಿಲ್ಲದೆ ಹೆಸರನ್ನು ಪ್ರಕಟಿಸುವುದು ಸರಿಯಲ್ಲ. ಕಳ್ಳಿನ ಮಾರಾಟ ನಿಂತು ಎರಡು ದಶಕಗಳು ಕಳೆದಿರುವುದರಿಂದ, ಬಗನಿಯ ಹದ ಬಲ್ಲವರು ಈಗ ವಯಸ್ಸಾದವರು. ಮರವನ್ನು ಆರಿಸುವ, ಗೊನೆಯನ್ನು ತಟ್ಟುವ, ಕತ್ತಿಯನ್ನು ಹದಗೊಳಿಸುವ ತಿಳಿವಳಿಕೆ ಅವರ ನೆನಪಿನಲ್ಲಿ ಮಾತ್ರ ಉಳಿದಿದೆ. ಅದನ್ನು ಬರೆದಿಡುವ ಕೆಲಸ ತುರ್ತಿನದು.

ಸಾಹಿತ್ಯದಲ್ಲಿ

ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯವರಾದ ಕುವೆಂಪು ಅವರ ಕಾನೂರು ಹೆಗ್ಗಡಿತಿ ಕಾದಂಬರಿಯಲ್ಲಿ ಬಗನಿ ಕಳ್ಳು ಮತ್ತು ಹಳೆಪೈಕದ ತಿಮ್ಮನೆಂಬ ಪಾತ್ರ ಬರುತ್ತವೆ. ಮಲೆನಾಡಿನ ಒಕ್ಕಲು, ಆಳು ಮತ್ತು ಒಡೆಯರ ನಡುವೆ ಕಳ್ಳಿನ ಸ್ಥಾನವೇನಾಗಿತ್ತು ಎಂಬುದನ್ನು ಅರಿಯಲು ಈ ಕೃತಿ ನೆರವಾಗುತ್ತದೆ. ಜಿ. ಪಿ. ರಾಜರತ್ನಂ ಅವರ ರತ್ನನ ಪದಗಳು ಹೆಂಡದಂಗಡಿಯ ಗಿರಾಕಿಯೊಬ್ಬನನ್ನೇ ಕವಿಯನ್ನಾಗಿಸಿ, ಅವನ ಆಡುಮಾತಿಗೆ ಕನ್ನಡ ಕಾವ್ಯದಲ್ಲಿ ಸ್ಥಾನವನ್ನು ದೊರಕಿಸಿದವು. ಹೆಂಡದ ಮಾರಯ್ಯ ಮಾರುವವನ ದನಿಯಾದರೆ, ರತ್ನ ಕುಡಿಯುವವನ ದನಿ. ಕುಡಿಯುವವನ ಮನೆಯಲ್ಲಿ ಕಾದು ಕುಳಿತವಳ ದನಿ ಈ ಇತಿಹಾಸದಲ್ಲಿ ಇನ್ನೂ ವಿರಳವಾಗಿಯೇ ದಾಖಲಾಗಿದೆ.

ಇವನ್ನೂ ನೋಡಿ

- ಶಿವಮೊಗ್ಗ
- ಭದ್ರಾವತಿ
- ಹೆಂಡದ ಮಾರಯ್ಯ
- ದೀವರು
- ಕಾಗೋಡು ಸತ್ಯಾಗ್ರಹ
- ಎಸ್. ನಿಜಲಿಂಗಪ್ಪ